ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಮೇಜು: ಹಳೇ ಹುಬ್ಬಳ್ಳಿಯ ಒಂದು ಸ್ಕೌಟ್ ದಳದ ಪ್ರಕರಣ ಅಧ್ಯಯನ

ಹುಬ್ಬಳ್ಳಿಯ ಸಿದ್ಧಾರೂಢ ಮಠದ ತೇರು ಎಳೆಯುವುದು ಶಿವರಾತ್ರಿಯ ಮರುದಿನ ಸಂಜೆ. ಅವತ್ತು ಹಳೇ ಹುಬ್ಬಳ್ಳಿ ಕಡೆಗೆ ಹೋಗುವ ಎಲ್ಲ ರಸ್ತೆಗಳಲ್ಲೂ ಜನವೋ ಜನ. ಗದಗ, ಹಾವೇರಿ, ಬೆಳಗಾವಿ ಕಡೆಯವರು ಬಂದಿರುತ್ತಾರೆ, ಮಹಾರಾಷ್ಟ್ರದವರೂ ಬಂದಿರುತ್ತಾರೆ. ತೇರು ಅಲುಗಾಡಿದ ಕೂಡಲೇ ‘ಓಂ ನಮಃ ಶಿವಾಯ’ ಅನ್ನುವ ಕೂಗು ಏಳುತ್ತದೆ. ಉತ್ತತ್ತಿ, ಬಾಳೆಹಣ್ಣು ಗಾಳಿಯಲ್ಲಿ ಹಾರುತ್ತವೆ. ಎಲ್ಲರ ಕಣ್ಣೂ ಮೇಲೆ. ಮಕ್ಕಳ ಕೈ ತಪ್ಪುವುದು ಸರಿಯಾಗಿ ಆಗಲೇ.

2019ರ ಜಾತ್ರೆಯಲ್ಲಿ ಒಂದು ಹೆಣ್ಣುಮಗು ಗಿರ್ಮಿಟ್ ಗಾಡಿಯ ಗಾಲಿ ಹಿಡಿದುಕೊಂಡು ನಿಂತಿತ್ತು. ನಾಲ್ಕೋ ಐದೋ ವರ್ಷ ಇರಬೇಕು. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಗಾಡಿಯ ಸುತ್ತ ಇದ್ದ ದೊಡ್ಡವರು ಯಾರೂ ಅದನ್ನು ನೋಡಿರಲಿಲ್ಲ. ನೋಡಿದವಳು ನಮ್ಮ ಸ್ಕೌಟ್ ದಳದ ಒಬ್ಬ ಗೈಡ್ (ದಳದ ಹುಡುಗಿಯರಿಗೆ ಗೈಡ್ ಅನ್ನುತ್ತಾರೆ), ಎಂಟನೇ ಕ್ಲಾಸಿನ ಹುಡುಗಿ. ಅವಳು ಮಗುವನ್ನು ಎತ್ತಿಕೊಳ್ಳಲಿಲ್ಲ. ಕೈ ಹಿಡಿದು ಎಳೆಯಲೂ ಇಲ್ಲ. ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

“ಯಾಕ ಅಳಾಕತ್ತೀ ತಂಗಿ? ನಾನೂ ಇಲ್ಲೇ ಕುಂದರ್ತೀನಿ ತಡಿ.”

ಅವಳ ಜೊತೆಗಿದ್ದ ಇನ್ನೊಬ್ಬಳು ಗಾಡಿಯವನಿಗೆ ಹೇಳಿದಳು: “ಕಾಕಾ, ಯಾರರ ಹುಡುಕ್ಕೋಂತ ಬಂದ್ರ ಮಠದ ಬಾಗಲ ಕಡೆ ಸ್ಕೌಟಿನವ್ರ ಟೇಬಲ್ ಐತಿ, ಅಲ್ಲಿಗೆ ಕಳಸ್ರಿ.”

ಹತ್ತು ನಿಮಿಷ ಮೂವರೂ ಅಲ್ಲೇ ಇದ್ದರು. ಮಗು ತಪ್ಪಿದ್ದು ಗೊತ್ತಾದ ತಾಯಿ ಮೊದಲು ಓಡಿ ಬರುವುದು ಕೈ ಬಿಟ್ಟ ಜಾಗಕ್ಕೇ ಅಲ್ವಾ? ಕೂಡಲೇ ಮಗುವನ್ನು ಬೇರೆ ಕಡೆ ಒಯ್ದರೆ ತಾಯಿ ಇಲ್ಲಿ, ಮಗು ಅಲ್ಲಿ. ಹತ್ತು ನಿಮಿಷ ಕಳೆದರೂ ಯಾರೂ ಬರಲಿಲ್ಲ. ಆಮೇಲೆ ಮಗುವನ್ನು ಮೇಜಿನ ಹತ್ತಿರ ಕರೆತಂದರು, ನೀರು ಕೊಟ್ಟರು, ಒಂದು ಸ್ಕಾರ್ಫಿನಲ್ಲಿ ಇಲಿ ಮಾಡಿಕೊಟ್ಟರು. ಅಳು ನಿಂತಿತು.

ಸ್ವಲ್ಪ ಹೊತ್ತಿಗೆ ಒಬ್ಬ ಅಜ್ಜಿ ಏದುಸಿರು ಬಿಡುತ್ತಾ ಬಂದರು. ಮೇಜಿನ ಹುಡುಗ ಕೇಳಿದ: “ಅಮ್ಮಾ, ಹುಡುಗಿ ಯಾವ ಬಣ್ಣದ ಅರಿವಿ ಹಾಕ್ಕೊಂಡಿತ್ರಿ? ಗುರ್ತು ಏನರ ಐತೇನ್ರಿ?” ಅಜ್ಜಿಗೆ ಸಿಟ್ಟು ಬಂತು. “ನನ್ನ ಮೊಮ್ಮಗಳ ಗುರ್ತು ನಿನಗ ಹೇಳಬೇಕೇನೋ?” ಅಂದರು. ಹುಡುಗ ಜಗ್ಗಲಿಲ್ಲ. “ಹೇಳಲೇಬೇಕ್ರಿ ಅಮ್ಮಾ” ಅಂತ ಮೆತ್ತಗೆ ಮತ್ತೊಮ್ಮೆ ಹೇಳಿದ. ಹಳದಿ ಫ್ರಾಕು, ಹಣೆಯ ಮೇಲೆ ಬಿದ್ದ ಗಾಯದ ಕಲೆ. ಎರಡೂ ಸರಿ ಇತ್ತು. ಪಕ್ಕದ ಪೊಲೀಸರ ಮುಂದೆ ವಹಿಯಲ್ಲಿ ಅಜ್ಜಿಯ ಹೆಬ್ಬೆಟ್ಟು ಹಾಕಿಸಿಕೊಂಡು ಮಗುವನ್ನು ಒಪ್ಪಿಸಿದರು. ಹೋಗುವಾಗ ಅಜ್ಜಿ ಅದೇ ಹುಡುಗನ ಗಲ್ಲ ಸವರಿ ನೆಟಿಗೆ ಮುರಿದರು.

ಈ ಬರಹ ಆ ಮೇಜಿನ ಬಗ್ಗೆ, ಅದನ್ನು ಹಾಕುತ್ತಿದ್ದ ದಳದ ಬಗ್ಗೆ. ನಾನು ಅದೇ ದಳದ ಹಳೆಯ ಸ್ಕೌಟ್. ನಮಗೆ ಕಲಿಸಿದ ಮಾಸ್ತರ್ರೂ ಹುಡುಗರಾಗಿದ್ದಾಗ ಅಲ್ಲೇ ಸ್ಕಾರ್ಫ್ ಕಟ್ಟಿಕೊಂಡವರು. ಹಾಗಾಗಿ ನನಗೆ ಇದರ ಮೇಲೆ ಪ್ರೀತಿ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಮಕ್ಕಳ ವಿಷಯ ಇರುವುದರಿಂದ ಶಾಲೆಯ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಬರೆದಿಲ್ಲ.

ಮೈಕಿನ ಕಥೆ

ಆ ಮೇಜಿನ ನಿಯಮಗಳೆಲ್ಲ ಪುಸ್ತಕದಿಂದ ಬಂದವಲ್ಲ. ಒಂದು ನಿಯಮವಂತೂ ನನ್ನ ತಪ್ಪಿನಿಂದಲೇ ಬಂತು.

ಆಗ ನಾನು ಹತ್ತನೇ ಕ್ಲಾಸು. ಜಾತ್ರೆಯಲ್ಲಿ ಮೈಕ್ ಹಿಡಿಯುವ ಕೆಲಸ ನನಗೆ ಸಿಕ್ಕಿತ್ತು, ಖುಷಿಯಲ್ಲಿದ್ದೆ. ಒಂದು ಮಗು ಸಿಕ್ಕಿತು. ನಾನು ಅದರ ಹೆಸರು ಹೇಳಿದೆ, ಫ್ರಾಕಿನ ಬಣ್ಣ ಹೇಳಿದೆ, ಊರಿನ ಹೆಸರನ್ನೂ ಹೇಳಿದೆ. ಐದು ನಿಮಿಷದಲ್ಲಿ ಒಬ್ಬ ಬಂದ, “ನಮ್ಮ ಹುಡುಗಿ” ಅಂದ. ಹೆಸರು ಸರಿ ಹೇಳಿದ, ಬಣ್ಣ ಸರಿ ಹೇಳಿದ, ಊರೂ ಸರಿ. ಎಲ್ಲವನ್ನೂ ನಾನೇ ಮೈಕಿನಲ್ಲಿ ಹೇಳಿಕೊಟ್ಟಿದ್ದೆ. ಮಗು ಮಾತ್ರ ಅವನನ್ನು ನೋಡಿ ಮಾಸ್ತರ್ರ ಪ್ಯಾಂಟನ್ನು ಬಿಗಿಯಾಗಿ ಹಿಡಿದುಕೊಂಡಿತು. ಮಾಸ್ತರ್ರು “ಪೊಲೀಸರನ್ನ ಕರೀತೀನಿ, ಅವರ ಮುಂದ ಕರಕೊಂಡು ಹೋಗ್ರಿ” ಅಂದರು. ಅವನು ಜನರ ನಡುವೆ ಸರಿದು ಹೋದವನು ಮತ್ತೆ ಕಾಣಲಿಲ್ಲ. ಅರ್ಧ ತಾಸಾದ ಮೇಲೆ ಅಪ್ಪ ಅವ್ವ ಅಳುತ್ತಾ ಬಂದರು.

ಆ ರಾತ್ರಿ ಮಾಸ್ತರ್ರು ನನ್ನನ್ನು ಬೈಯಲಿಲ್ಲ. ಮರುದಿನ ಎಲ್ಲರನ್ನೂ ಕೂರಿಸಿ “ನಿನ್ನೆ ಏನಾತು, ಮುಂದ ಏನ್ ಮಾಡೂಣು?” ಅಂತ ಕೇಳಿದರು. ಹೊಸ ನಿಯಮ ಹೇಳಿದ್ದು ಆರನೇ ಕ್ಲಾಸಿನ ಒಬ್ಬ ಹುಡುಗ. ಮೈಕಿನಲ್ಲಿ ‘ಒಂದು ಮಗು ನಮ್ಮ ಹತ್ತಿರ ಇದೆ, ಮೇಜಿಗೆ ಬನ್ನಿ’ ಅಂತ ಮಾತ್ರ ಹೇಳಬೇಕು. ಉಳಿದದ್ದನ್ನು ಬಂದವರ ಬಾಯಿಂದ ಕೇಳಬೇಕು. ಅವತ್ತಿನಿಂದ ಅದೇ ನಡೆಯಿತು. ಮುಂದಿನ ವರ್ಷಗಳಲ್ಲಿ ಪೊಲೀಸರ ಎದುರು ಒಪ್ಪಿಸುವುದು ಸೇರಿತು. ಯಾರೂ ಬಾರದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವುದೂ ಸೇರಿತು.

ಒಂದು ಮೇಜು, ಒಂದು ವಹಿ, ಒಂದು ಮೈಕು. ಖರ್ಚು ಏನೂ ಇಲ್ಲ ಅನ್ನಬಹುದು. ಆದರೆ ಇದನ್ನು ನಡೆಸಲು ವರ್ಷಪೂರ್ತಿ ಶನಿವಾರ ಸಂಜೆ ಅಭ್ಯಾಸ ಮಾಡಿದ ಮಕ್ಕಳು ಬೇಕು.

ಸ್ಕೌಟಿಂಗ್ ನಮ್ಮ ಓಣಿಗೆ ಬಂದ ದಾರಿ

ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರ ನಡೆಸಿದರು. ಎರಡೇ ವರ್ಷಕ್ಕೆ, 1909ರಲ್ಲಿ, ಅದು ಬೆಂಗಳೂರಿಗೆ ಬಂತು. ಆದರೆ ಆಗ ಯುರೋಪಿಯನ್, ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ಪ್ರವೇಶ. ನಮ್ಮ ಮಕ್ಕಳಿಗಾಗಿ ಆನಿ ಬೆಸೆಂಟ್ ಒಂದು ಕಡೆ, ಮದನ ಮೋಹನ ಮಾಳವೀಯ ಮತ್ತು ಹೃದಯನಾಥ ಕುಂಜ್ರು ಇನ್ನೊಂದು ಕಡೆ ಬೇರೆ ಸಂಘಗಳನ್ನು ಕಟ್ಟಬೇಕಾಯಿತು. ಎಲ್ಲ ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು. ಗರ್ಲ್ ಗೈಡ್‌ಗಳು ಮುಂದಿನ ವರ್ಷ ಸೇರಿಕೊಂಡರು.

ಹುಬ್ಬಳ್ಳಿಗೆ ಹುಡುಗರ ಸೇವಾದಳ ಅನ್ನುವುದು ಹೊಸದೇನಲ್ಲ. ಡಾ. ನಾ. ಸು. ಹರ್ಡೀಕರ್ 1923ರಲ್ಲಿ ಕಟ್ಟಿದ ಹಿಂದುಸ್ತಾನಿ ಸೇವಾದಳದ ಬೇರು ಇದೇ ಊರಿನಲ್ಲಿತ್ತು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಜನರನ್ನು ಸಂಭಾಳಿಸಿದ್ದು ಅವರ ಸ್ವಯಂಸೇವಕರು. ಅದು ಬೇರೆ ಸಂಘಟನೆ, ಉದ್ದೇಶವೂ ಬೇರೆ. ಆದರೂ ಚಡ್ಡಿ ಹಾಕಿಕೊಂಡು ಸಾಲಲ್ಲಿ ನಿಂತು ಊರ ಕೆಲಸ ಮಾಡುವ ಹುಡುಗರನ್ನು ಈ ಭಾಗದ ಹಿರಿಯರು ಗೌರವದಿಂದ ನೋಡುವುದಕ್ಕೆ ಆ ನೆನಪೂ ಒಂದು ಕಾರಣ ಅಂತ ನನಗನಿಸುತ್ತದೆ.

ಇನ್ನು ರೈಲ್ವೆಯ ಮಾತು. ಹುಬ್ಬಳ್ಳಿ ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಇರುವ ಊರು. ರೈಲ್ವೆಗೆ ತನ್ನದೇ ಸ್ಕೌಟ್ ದಳಗಳಿವೆ. ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾದಲ್ಲಿ ರೈಲ್ವೆ ನೌಕರಿಯೂ ಇದೆ. ಈ ಕೋಟಾದ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ನಮ್ಮ ದಳವನ್ನು ಅದು ಒಳ್ಳೆಯದಕ್ಕೂ ಕಾಡಿದೆ, ಕೆಟ್ಟದ್ದಕ್ಕೂ ಕಾಡಿದೆ.

ಏನು ಉಳಿಯಿತು

ಒಂದು ದಳದಿಂದ ಊರಿಗೆ ಏನಾಯಿತು ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಸರ್ಟಿಫಿಕೇಟಿನ ಲೆಕ್ಕ. ಇಷ್ಟು ರಾಜ್ಯ ಪುರಸ್ಕಾರ, ಇಷ್ಟು ರಾಷ್ಟ್ರಪತಿ ಪ್ರಶಸ್ತಿ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ, ತೃತೀಯ ಅಂತ ಮೆಟ್ಟಿಲು ಹತ್ತುತ್ತಾ ಹೋಗುವ ಮಕ್ಕಳಿಗೆ ಅದು ದೊಡ್ಡ ವಿಷಯವೇ. ನಮ್ಮಲ್ಲೂ ಪಡೆದವರಿದ್ದಾರೆ. ಆದರೆ ನಾನು ಹುಡುಕಿದ್ದು ತೃತೀಯ ಸೋಪಾನವನ್ನೂ ಮುಟ್ಟದೆ ಬಿಟ್ಟುಹೋದವರನ್ನು. ಅಂಥವರೇ ಜಾಸ್ತಿ.

ಅವರಲ್ಲೊಬ್ಬ ಆಟೋ ಓಡಿಸುತ್ತಾನೆ. ಹೊಸೂರಿನ ಹತ್ತಿರ ಒಬ್ಬ ವಯಸ್ಸಾದವರಿಗೆ ರಸ್ತೆಯ ಮೇಲೆ ಫಿಟ್ಸ್ ಬಂತು. ಸುತ್ತ ಗುಂಪು ಸೇರಿತು. ಒಬ್ಬರು ಕೈಗೆ ಕಬ್ಬಿಣದ ಕೀಲಿಕೈ ಹಿಡಿಸಲು ಹೋದರು, ಇನ್ನೊಬ್ಬರು ಬಾಯಿಗೆ ಚಮಚ ಇಡಲು ಹೋದರು. ಇವನು ಆಟೋ ನಿಲ್ಲಿಸಿ ಇಳಿದು ಬಂದ. ಎಲ್ಲರನ್ನೂ ಎರಡು ಹೆಜ್ಜೆ ಹಿಂದೆ ಸರಿಸಿದ. ತನ್ನ ಟವೆಲ್ಲನ್ನು ಮಡಚಿ ಅವರ ತಲೆ ಕೆಳಗಿಟ್ಟ. ಕೈಕಾಲು ಅದುಮಿ ಹಿಡಿಯಲಿಲ್ಲ, ಬಾಯಿಗೆ ಏನೂ ಇಡಲಿಲ್ಲ. ನಡುಕ ನಿಂತ ಮೇಲೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿದ. ಎಷ್ಟು ನಿಮಿಷ ಆಯಿತು ಅಂತ ಗಡಿಯಾರ ನೋಡಿಕೊಂಡಿದ್ದ, ಅದನ್ನು ಆಸ್ಪತ್ರೆಯಲ್ಲಿ ಹೇಳಿದ. ನಾನು “ಎಲ್ಲಿ ಕಲಿತೆಯೋ?” ಅಂದರೆ “ಶನಿವಾರ ಮಾಡಸ್ತಿದ್ರಲ್ಲೋ, ಮರತೀಯೇನ?” ಅಂದ. ಅವನು ಸ್ಕೌಟ್ ಬಿಟ್ಟು ಎಷ್ಟೋ ವರ್ಷ ಆಗಿದೆ. ಅವನಿಗೆ ಸಿಕ್ಕಿದ್ದು ಪ್ರಥಮ ಸೋಪಾನ ಮಾತ್ರ.

ಹುಡುಗಿಯರ ವಿಷಯದಲ್ಲಿ ಬದಲಾವಣೆ ನಿಧಾನವಾಗಿ ಬಂತು. ದಾವಣಗೆರೆ ಹತ್ತಿರದ ಕೊಂಡಜ್ಜಿಯಲ್ಲಿ ಸ್ಕೌಟ್ ತರಬೇತಿ ಕೇಂದ್ರ ಇದೆ. ಅಲ್ಲಿಗೆ ಕ್ಯಾಂಪಿಗೆ ಹೋಗಬೇಕೆಂದರೆ ರಾತ್ರಿ ಹೊರಗೆ ಉಳಿಯಬೇಕು. ನಮ್ಮ ಓಣಿಯ ಅಪ್ಪಂದಿರು ಅದಕ್ಕೆ ಸುಲಭವಾಗಿ ಒಪ್ಪುವವರಲ್ಲ. ಗೈಡ್ ಅಕ್ಕೋರು ಮನೆಮನೆಗೆ ಹೋಗಿ ಚಹಾ ಕುಡಿದು, “ನನ್ನ ಮಗಳೂ ಬರ್ತಾಳ್ರಿ, ಅಕಿ ಬಾಜೂಕ ಮಲಗಸ್ತೀನಿ” ಅಂತ ಮಾತು ಕೊಟ್ಟು ಮೊದಲ ಗುಂಪನ್ನು ಕರೆದುಕೊಂಡು ಹೋದರು. ಆ ಗುಂಪಿನ ಒಬ್ಬಳು ಮುಂದೆ ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದಿದಳು. “ಒಮ್ಮೆ ಡೇರೆದಾಗ ಮಲಗಿ ಬಂದಿದ್ನೆಲ್ಲ, ಅದಕ್ಕ ಅಪ್ಪ ಹಾಸ್ಟೆಲಿಗೆ ಹೂಂ ಅಂದ” ಅಂತ ಅವಳೇ ಹೇಳಿದ್ದು. ಅವಳ ತಂಗಿಯರಿಗೆ ಅಷ್ಟು ಕಷ್ಟ ಆಗಲಿಲ್ಲ.

ಇನ್ನೊಂದು ಸಂಗತಿ ಬರೆಯುವಾಗ ಈಗಲೂ ಮನಸ್ಸು ತುಂಬಿ ಬರುತ್ತದೆ. ಆರರಿಂದ ಎಂಟು ಮಕ್ಕಳಿಗೆ ಒಂದು ಪೆಟ್ರೋಲ್, ಅಂದರೆ ತುಕಡಿ, ಅದಕ್ಕೊಬ್ಬ ಲೀಡರ್. ಮಕ್ಕಳನ್ನು ಹಾಗೆ ಹಂಚುವಾಗ ನಮ್ಮ ಮಾಸ್ತರ್ರು ಒಂದೇ ಓಣಿಯವರನ್ನು ಒಟ್ಟಿಗೆ ಹಾಕುತ್ತಿರಲಿಲ್ಲ. ಹಾಗಾಗಿ ಸಿದ್ಧಾರೂಢರ ಜಾತ್ರೆಯಲ್ಲಿ ಮುಸ್ಲಿಂ ಹುಡುಗರು ಚಪ್ಪಲಿ ಕಾಯುತ್ತಿದ್ದರು, ರಂಜಾನ್ ನಮಾಜಿನ ದಿನ ಲಿಂಗಾಯತರ ಹುಡುಗರು ನೀರು ಕೊಡುತ್ತಿದ್ದರು. 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿಯಲ್ಲಿ ಗಲಾಟೆಯಾಗಿ ನಿಷೇಧಾಜ್ಞೆ ಬಂತು. ಒಬ್ಬ ಹಳೆಯ ಸ್ಕೌಟಿನ ತಂದೆಗೆ ಇನ್ಸುಲಿನ್ ಮುಗಿದಿತ್ತು. ಅವನು ಫೋನ್ ಮಾಡಿದ್ದು ಆಚೆ ಓಣಿಯ ತನ್ನ ಹಳೆಯ ಪೆಟ್ರೋಲ್ ಲೀಡರಿಗೆ. ಆ ಲೀಡರ್ ಪೊಲೀಸರಿಗೆ ವಿಷಯ ಹೇಳಿ, ಔಷಧಿ ಕೊಂಡು, ಅವರ ಜೊತೆಗೇ ಹೋಗಿ ಬಾಗಿಲಿಗೆ ಮುಟ್ಟಿಸಿ ಬಂದ. ಯಾರು ಯಾವ ಧರ್ಮದವರು ಅಂತ ಬರೆಯುವುದಿಲ್ಲ, ಅವರಿಬ್ಬರಿಗೂ ಅದು ಬೇಡ.

ಕೊಣ್ಣೂರಿಗೆ ಹೋದ ಗಂಟುಗಳು

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು ಮುಳುಗಿತು. ಇಡೀ ಉತ್ತರ ಕರ್ನಾಟಕ ರೊಟ್ಟಿ ಬಡಿದು ಕಳಿಸಿತು. ಹುಬ್ಬಳ್ಳಿಯಲ್ಲೂ ಸಾಮಾನು ಗುಡ್ಡವಾಗಿ ಬಿತ್ತು. ದಳದ ಮಕ್ಕಳಿಗೆ ಕೊಟ್ಟ ಕೆಲಸ ಅದನ್ನು ಬೇರೆ ಮಾಡುವುದು.

ಮೊದಲ ದಿನವೇ ಗೊತ್ತಾಯಿತು, ಬಂದ ಬಟ್ಟೆಯಲ್ಲಿ ಬಹಳಷ್ಟು ಹರಿದದ್ದು, ಗುಂಡಿ ಇಲ್ಲದ್ದು. ಪೆಟ್ರೋಲ್ ಲೀಡರ್‌ಗಳು ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬಂದರು: “ನಾವು ಹಾಕ್ಕೊಳ್ಳಾರದ್ದನ್ನ ಅವರಿಗೆ ಕಳಸೂದು ಬ್ಯಾಡ.” ರೊಟ್ಟಿ ಮತ್ತು ಶೇಂಗಾ ಚಟ್ನಿ ಸಾಕಷ್ಟು ಹೋಗುತ್ತಿತ್ತು, ಹಾಗಾಗಿ ಇವರು ಬೇರೆಯದನ್ನು ಕೇಳಿ ತಂದರು. ಹಾಸಲು ಚಾಪೆ, ಸೊಳ್ಳೆ ಬತ್ತಿ, ಕಡ್ಡಿಪೆಟ್ಟಿಗೆ, ಮೇಣದಬತ್ತಿ, ಸ್ಯಾನಿಟರಿ ಪ್ಯಾಡು, ನೋಟುಬುಕ್ಕು. ಒಂದು ಮನೆಗೆ ಒಂದು ಗಂಟು. ಚಾದರದಲ್ಲಿ ಇಟ್ಟು, ನಾಲ್ಕು ಮೂಲೆ ಸೇರಿಸಿ ರೀಫ್ ನಾಟ್ ಹಾಕಿದರು. ಎಳೆದರೆ ಜಾರುವುದಿಲ್ಲ, ಬಿಚ್ಚಬೇಕೆಂದರೆ ಅಜ್ಜಿಯ ಕೈಗೂ ಬಿಚ್ಚುತ್ತದೆ. ಪ್ಯಾಡು ಗಂಟಿನ ಮೇಲೆ ಕಾಣುವಂತೆ ಇರಬಾರದು, ಗಂಡಸರು ಹಂಚುವಾಗ ಹೆಣ್ಣುಮಕ್ಕಳು ನಾಚಿಕೊಳ್ಳುತ್ತಾರೆ ಅಂತ ಹೇಳಿದ್ದು ಒಂಬತ್ತನೇ ಕ್ಲಾಸಿನ ಒಬ್ಬಳು. ಅವುಗಳನ್ನು ನೋಟುಬುಕ್ಕಿನ ಕೆಳಗೆ ಇಟ್ಟರು. ಲಾರಿ ತುಂಬಿದವರು ದೊಡ್ಡವರು, ಇದನ್ನು ಯೋಚಿಸಿದವರು ಮಕ್ಕಳು.

ಮೇಜು ಇಲ್ಲದ ಎರಡು ವರ್ಷ

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಮತ್ತೆ ತೆರೆಯುವ ಹೊತ್ತಿಗೆ ದೊಡ್ಡ ಮಕ್ಕಳು ಹತ್ತನೇ ಕ್ಲಾಸು ದಾಟಿ ಹೋಗಿದ್ದರು. ಚಿಕ್ಕವರಿಗೆ ಕಲಿಸಬೇಕಾದ ಪೆಟ್ರೋಲ್ ಲೀಡರ್‌ಗಳೇ ಇರಲಿಲ್ಲ. ಈ ಪದ್ಧತಿಯ ಬಲವೂ ಅದೇ, ದೌರ್ಬಲ್ಯವೂ ಅದೇ: ಹಿರಿಯ ಹುಡುಗ ಕಿರಿಯನಿಗೆ ಕಲಿಸುತ್ತಾನೆ, ನಡುವೆ ಒಂದು ಕೊಂಡಿ ತಪ್ಪಿದರೆ ಸರಪಳಿ ಕೆಳಗೆ ಬೀಳುತ್ತದೆ. ಅದೇ ಹೊತ್ತಿಗೆ ಮಾಸ್ತರ್ರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರಿಗೆ ಮೂರು ವಿಷಯ ಕಲಿಸುವ ಹೊಣೆ ಇತ್ತು, ಶನಿವಾರ ಸಂಜೆ ಉಳಿಯುವಷ್ಟು ಪುರಸೊತ್ತು ಇರಲಿಲ್ಲ. ದಳದ ಸಾಮಾನು ಇಟ್ಟಿದ್ದ ಕೋಣೆಯನ್ನು ಶಾಲೆಯವರು ಬೇರೆ ಕೆಲಸಕ್ಕೆ ತೆಗೆದುಕೊಂಡರು. ಡೇರೆ, ಕೋಲು, ಹಗ್ಗ ಎಲ್ಲ ಮೆಟ್ಟಿಲ ಕೆಳಗೆ ಬಿದ್ದವು. ಮಳೆಗಾಲ ಮುಗಿಯುವಷ್ಟರಲ್ಲಿ ಡೇರೆಗೆ ಬೂಷ್ಟು ಹಿಡಿದಿತ್ತು. ಅದನ್ನು ನೋಡಿ ನಾನು ಬಹಳ ನೊಂದುಕೊಂಡೆ.

2022 ಮತ್ತು 2023ರ ಜಾತ್ರೆಯಲ್ಲಿ ನಮ್ಮ ಮೇಜು ಇರಲಿಲ್ಲ. ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸುವುದು ಈ ಎರಡು ವರ್ಷ. ದಳ ಏನು ಮಾಡುತ್ತಿತ್ತು ಅನ್ನುವುದು ಅದು ಇಲ್ಲದಾಗ ಕಂಡಿತು. ಪೊಲೀಸರು ಇದ್ದರು, ಮೈಕ್ ಇತ್ತು, ಮಠದವರು ತಮ್ಮ ಕೆಲಸ ಚೆನ್ನಾಗಿಯೇ ಮಾಡಿದರು. ಇಲ್ಲದ್ದು ಜನರ ನಡುವೆ ಸುಮ್ನೆ ಅಡ್ಡಾಡುವ ಹನ್ನೆರಡು ವರ್ಷದ ಕಣ್ಣುಗಳು. ದೊಡ್ಡವರ ನೋಟ ಇನ್ನೊಬ್ಬರ ಹೆಗಲ ಮೇಲಿಂದ ಹೋಗುತ್ತದೆ. ಗಾಡಿಯ ಗಾಲಿಯ ಪಕ್ಕ, ಅಂಗಡಿಯ ಹಲಗೆಯ ಕೆಳಗೆ ಮುದುಡಿ ಕೂತ ಮಗು ಕಾಣುವುದು ಮಕ್ಕಳಿಗೇ. ಆ ಎರಡು ವರ್ಷ ಗಿರ್ಮಿಟ್ ಗಾಡಿಯವರೇ ನನ್ನನ್ನು ಕಂಡು ಕೇಳಿದರು: “ಎಲ್ಲಿ ಅದಾರ್ರೀ ನಿಮ್ಮ ಹುಡುಗ್ರು? ಮಕ್ಳು ಸಿಕ್ರ ಯಾರ ಕೈಯಾಗ ಕೊಡೂದು ತಿಳೀವಲ್ದು.”

ಹಳಬರು ಸೇರಿದ್ದು ಆ ಮಾತಿನ ಮೇಲೆ.

ಮತ್ತೆ ಶುರು

ಶಾಲೆಗೆ ಸೇರದ ಮುಕ್ತ ದಳ ಮಾಡಲು ಭಾರತ್ ಸ್ಕೌಟ್ಸ್‌ನಲ್ಲಿ ಅವಕಾಶ ಇದೆ. ಅದಕ್ಕೆ ತರಬೇತಿ ಆದ ಹಿರಿಯರು ಬೇಕು. ನರ್ಸ್ ಆದ ಆ ಹಳೆಯ ಗೈಡ್ ರಜೆ ಹಾಕಿ ಬೇಸಿಕ್ ಕೋರ್ಸ್ ಮುಗಿಸಿದಳು. ನಾನೂ ಮುಗಿಸಿದೆ. ಮಾಸ್ತರ್ರಿಗೆ ಮಂಡಿನೋವು, ಆದರೂ ಶನಿವಾರ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಮೊದಲ ತಿಂಗಳು ಬಂದ ಪಾಲಕರಲ್ಲಿ ಬಹಳ ಜನ ಕೇಳಿದ್ದು ಒಂದೇ ಪ್ರಶ್ನೆ: “ರೈಲ್ವೆ ಕೋಟಾಕ್ಕ ಬರ್ತದೇನ್ರಿ?” ಆ ಪ್ರಶ್ನೆಯನ್ನು ಹಗುರ ಮಾಡಲು ನನಗೆ ಇಷ್ಟವಿಲ್ಲ. ಮನೆಯಲ್ಲಿ ಒಬ್ಬರಿಗೆ ರೈಲ್ವೆ ನೌಕರಿ ಸಿಕ್ಕರೆ ಇಡೀ ಮನೆ ಮೇಲೆ ಬರುತ್ತದೆ. ಹುಬ್ಬಳ್ಳಿಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಆ ಕೋಟಾದಲ್ಲಿ ಸಿಗುವ ಹುದ್ದೆಗಳು ಬೆರಳೆಣಿಕೆಯಷ್ಟು. ಅದಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬೇಕು, ವರ್ಷಗಟ್ಟಲೆ ಬಿಡದೆ ದಳದಲ್ಲಿರಬೇಕು, ರಾಜ್ಯ ಮತ್ತು ರಾಷ್ಟ್ರ ಮಟ್ಟದ ಕ್ಯಾಂಪುಗಳಿಗೆ ಹೋಗಿರಬೇಕು. ಇದನ್ನೆಲ್ಲ ಮೊದಲ ದಿನವೇ ಬಿಚ್ಚಿ ಹೇಳುತ್ತೇವೆ. ಹಿಂದೊಮ್ಮೆ ನಾವು ಇದನ್ನು ಸರಿಯಾಗಿ ಹೇಳಿರಲಿಲ್ಲ. ಆಸೆ ಇಟ್ಟುಕೊಂಡು ಬಂದ ಕೆಲವು ಹುಡುಗರು ನೌಕರಿ ಸಿಗದೆ ಬೇಜಾರಿನಲ್ಲಿ ಹೋದರು, ಅವರ ತಮ್ಮಂದಿರನ್ನು ಕಳಿಸಲಿಲ್ಲ. ಅದು ದಳದ ತಪ್ಪು. ಈಗ ಹೇಳಿದ ಮೇಲೆ ಕೆಲವರು ಎದ್ದು ಹೋಗುತ್ತಾರೆ, ಉಳಿದವರು ಉಳಿಯುತ್ತಾರೆ.

ಯೂನಿಫಾರ್ಮಿನ ಖರ್ಚು ಇನ್ನೊಂದು ತೊಡಕು. ಹಳಬರ ಮನೆಗಳಲ್ಲಿದ್ದ ಚಿಕ್ಕದಾದ ಅಂಗಿಗಳನ್ನು ಕೇಳಿ ತಂದೆವು. ಒಂದು ಅಂಗಿಯ ಜೇಬಿನ ಒಳಗೆ ಮೂರು ಹುಡುಗರ ಹೆಸರು ಇಂಕಿನಲ್ಲಿ ಬರೆದಿದ್ದವು, ಒಂದರ ಕೆಳಗೊಂದು. ಈಗ ನಾಲ್ಕನೆಯದು ಸೇರಿದೆ.

2024ರ ಜಾತ್ರೆಗೆ ಮೇಜು ಮತ್ತೆ ಬಂತು. ಇದ್ದದ್ದು ಎರಡು ಪೆಟ್ರೋಲ್ ಆಗುವಷ್ಟು ಮಕ್ಕಳು, ಅವರಲ್ಲಿ ಅರ್ಧ ಜನರಿಗೆ ಮೊದಲ ಮೆಟ್ಟಿಲಾದ ಪ್ರವೇಶವೂ ಇನ್ನೂ ಆಗಿರಲಿಲ್ಲ. ಇಡೀ ಜಾತ್ರೆ ನೋಡಿಕೊಳ್ಳುವುದು ನಮ್ಮಿಂದ ಆಗದ ಮಾತು. ಹಾಗಾಗಿ ಮಠದ ಬಾಗಿಲಿನಿಂದ ಗಿರ್ಮಿಟ್ ಗಾಡಿಗಳ ಸಾಲಿನ ತನಕ ಮಾತ್ರ ಅಂತ ಹದ್ದು ಹಾಕಿಕೊಂಡೆವು. ಮೇಜಿನ ಸುತ್ತ ನಾಲ್ಕು ಕೋಲು ನೆಟ್ಟು ಕ್ಲೋವ್ ಹಿಚ್ ಹಾಕಿ ಹಗ್ಗ ಕಟ್ಟಿದ್ದು ಒಬ್ಬ ಏಳನೇ ಕ್ಲಾಸಿನ ಹುಡುಗ. ಒಂದು ಗಂಟು ಸಡಿಲವಾಗಿತ್ತು. ನಾನು ಬಗ್ಗಿ ಸರಿ ಮಾಡಲು ಹೋದೆ. ಕುರ್ಚಿಯಿಂದ ಮಾಸ್ತರ್ರು ಕೈ ಅಡ್ಡ ಹಿಡಿದರು.

“ಬಿಡು. ಅಂವಾ ನೋಡ್ಕೋತಾನ.”

ಹುಡುಗ ಹಗ್ಗ ಜಗ್ಗಿ ನೋಡಿದ. ಬಿಚ್ಚಿದ. ಮತ್ತೆ ಕಟ್ಟಿದ. ತೇರಿನ ಕಡೆಯಿಂದ ಕೂಗು ಶುರುವಾಯಿತು. ಅವನು ಆ ಕಡೆ ತಿರುಗಿ ನೋಡದೆ ಗಾಡಿಗಳ ಸಾಲಿನೊಳಗೆ ಹೋದ.